ಕರಿಬಸಯ್ಯ ಹಿಡಿಯದ ವ್ರತ

ಮಸ್ಕಿಯಲ್ಲಿ ಕರಿಬಸಯ್ಯನವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಸ್ವಾಮ್ಯಾರು. ಮದುವೆ, ತೊಟ್ಟಿಲು, ಹೊಸ ಮನೆ, ಹೊಸ ಟ್ರ್ಯಾಕ್ಟರು, ಯಾವುದಕ್ಕೆ ಪೂಜೆ ಆಗಬೇಕಾದರೂ ಆ ಕಡೆ ಸಿಂಧನೂರಿನ ಹಳ್ಳಿಗಳಿಂದ ಈ ಕಡೆ ಲಿಂಗಸುಗೂರಿನ ತನಕ ಅವರಿಗೆ ಕರೆ ಬರುತ್ತಿತ್ತು. ತಂದೆಯ ಕಾಲದಿಂದ ನಡೆದುಕೊಂಡು ಬಂದ ಮನೆಗಳು ಅವು. ಆ ಮನೆಗಳಲ್ಲಿ ಪೂಜೆಯಷ್ಟೇ ಮುಖ್ಯವಾದದ್ದು ಊಟ. ಜಂಗಮ ತೃಪ್ತಿಯಾಗಿ ಉಂಡು ಎದ್ದರೆ ಮನೆಗೆ ಒಳ್ಳೆಯದು ಎಂದು ನಂಬಿದ ಮಂದಿ. ಬಡಿಸಿದ್ದೆಲ್ಲ ಪ್ರಸಾದ. ಬೇಡ ಎನ್ನುವಂತಿಲ್ಲ, ತಾಟಿನಲ್ಲಿ ಬಿಡುವಂತಿಲ್ಲ.

ಕರಿಬಸಯ್ಯನವರು ಬೇಡ ಎನ್ನುವ ಮನುಷ್ಯರೂ ಅಲ್ಲ. ಹೋಳಿಗೆ, ಮಾದಲಿ, ಎಣ್ಣೆಗಾಯಿ ಬದನೆಕಾಯಿ, ಮೇಲೆ ತುಪ್ಪ ಸುರಿದ ಅನ್ನ, ಇವುಗಳ ಮುಂದೆ ಕೂತಾಗ ಅವರಿಗೆ ಬೇರೆ ಯಾವ ಚಿಂತೆಯೂ ಇರುತ್ತಿರಲಿಲ್ಲ. ನಲವತ್ತೇಳು ತುಂಬುವಷ್ಟರಲ್ಲಿ ಅವರ ತೂಕ ನೂರಾ ಮೂವತ್ತು ಕಿಲೋ ದಾಟಿತ್ತು. ಬಸ್ಸಿನಲ್ಲಿ ಅವರು ಕೂತ ಸೀಟಿನಲ್ಲಿ ಇನ್ನೊಬ್ಬರು ಕೂರುವಂತಿರಲಿಲ್ಲ. ಮಂತ್ರ ಹೇಳುತ್ತ ಹೇಳುತ್ತಲೇ ನಿದ್ದೆ ಹೋಗಿಬಿಡುತ್ತಿದ್ದರು. ಜನ ಅದನ್ನು ಧ್ಯಾನವೆಂದು ತಿಳಿದು ಕೈಮುಗಿದು ಕಾಯುತ್ತಿದ್ದರು. ಗೊರಕೆ ಕೇಳಿದ ಮೇಲೆ ಹಿರಿಯರು ಯಾರಾದರೂ ಮೆಲ್ಲಗೆ ಕೆಮ್ಮುತ್ತಿದ್ದರು. ಸಕ್ಕರೆ ಕಾಯಿಲೆ ಹತ್ತು ವರ್ಷದಿಂದ ಇತ್ತು. ಗುಳಿಗೆ ನುಂಗಿದರೆ ಆಯಿತಲ್ಲ ಎಂದು ಅವರು ಅದರ ಗೊಡವೆಗೆ ಹೋಗಿರಲಿಲ್ಲ.

ಮುಕ್ಕುಂದದ ಬಸ್ಸಪ್ಪ ಭತ್ತ ಬೆಳೆಯುವ ದೊಡ್ಡ ರೈತ. ಅವನ ಮನೆಯಲ್ಲಿ ಶ್ರಾವಣದ ಒಂದು ಸೋಮವಾರ ಪಾದಪೂಜೆ ಇತ್ತು. ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕಾಗುತ್ತಿದ್ದುದರಿಂದ ಸ್ವಾಮ್ಯಾರಿಗೆ ಕುರ್ಚಿ ಹಾಕಿದ್ದರು. ಬಸ್ಸಪ್ಪನ ತಾಯಿ ಪಂಪಮ್ಮ ಹಿತ್ತಾಳೆ ತಾಟಿನಲ್ಲಿ ಅವರ ಪಾದಗಳನ್ನಿಟ್ಟು ತೊಳೆಯುತ್ತಿದ್ದಳು. ಬಸ್ಸಪ್ಪನ ಮಗಳು ಭಾಗ್ಯಶ್ರೀ ಪಕ್ಕದಲ್ಲಿ ನಿಂತು ತಂಬಿಗೆಯಿಂದ ನೀರು ಬಿಡುತ್ತಿದ್ದಳು. ಸಿಂಧನೂರಿಗೆ ಹೋಗಿ ಬಿ.ಕಾಂ. ಓದುತ್ತಿದ್ದ ಆ ಹುಡುಗಿಯೂ ದಪ್ಪಗಿದ್ದಳು. ಮನೆಗೆ ಯಾರಾದರೂ ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲುವ ರೂಢಿ ಅವಳದು.

ಸುರಿಯುತ್ತಿದ್ದ ನೀರು ನಿಂತಿತು.

"ಅಜ್ಜೀ, ಸ್ವಾಮ್ಯಾರ ಬೆರಳು ನೋಡಬೇ" ಎಂದಳು ಭಾಗ್ಯಶ್ರೀ.

ಎಡಗಾಲಿನ ಕಿರುಬೆರಳಿನ ಕೆಳಗೆ ಒಂದು ಗಾಯ. ಸುತ್ತಲೂ ಕಪ್ಪಗಾಗಿ ನಡುವೆ ಒದ್ದೆಯಾಗಿತ್ತು. ನೀರು ಬಿದ್ದ ಮೇಲೆ ವಾಸನೆ ಎದ್ದಿತು. ಕರಿಬಸಯ್ಯನವರಿಗೆ ಅಲ್ಲಿ ನೋವೇ ಇರಲಿಲ್ಲ. ತಮ್ಮ ಪಾದಗಳನ್ನು ಅವರು ನೋಡಿ ಎಷ್ಟು ಕಾಲವಾಗಿತ್ತೋ ಅವರಿಗೇ ನೆನಪಿಲ್ಲ. ಈಗ ನೋಡಬೇಕೆಂದು ಬಗ್ಗಿದರೆ ಹೊಟ್ಟೆ ಅಡ್ಡ ಬಂತು.

ಪಂಪಮ್ಮ ಏನೂ ಆಗಿಲ್ಲವೆಂಬಂತೆ ಸೆರಗಿನಿಂದ ಪಾದ ಒರೆಸಿ ವಿಭೂತಿ ಹಚ್ಚಿದಳು, ಹೂವಿಟ್ಟಳು. ಆಮೇಲೆ ಪಾದೋದಕ ತೆಗೆದುಕೊಳ್ಳುವ ಸರದಿ. ಪಾದ ತೊಳೆದ ಆ ನೀರನ್ನು ಮನೆಯವರೆಲ್ಲ ಅಂಗೈಯಲ್ಲಿ ಹಿಡಿದು ಕುಡಿಯಬೇಕು. ಯಾರೂ ಮುಂದೆ ಬರಲಿಲ್ಲ. ಬಸ್ಸಪ್ಪ ತಾಯಿಯ ಮುಖ ನೋಡಿದ. ಪಂಪಮ್ಮ ಒಂದು ಗಳಿಗೆ ಕಣ್ಣು ಮುಚ್ಚಿ, ತಾಟಿನ ಕಡೆ ಕೈ ಚಾಚಿದಳು.

"ಬ್ಯಾಡವ್ವಾ" ಎಂದರು ಕರಿಬಸಯ್ಯ. "ಅದನ್ನ ಚೆಲ್ಲಿಬಿಡು."

"ಪಾದೋದಕ ಚೆಲ್ಲಬಾರದ್ರಿ ಸ್ವಾಮ್ಯಾರ."

"ನಾ ಹೇಳಾಕತ್ತೀನಲ್ಲ, ಚೆಲ್ಲು."

ಅವಳು ತಾಟನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ಬಿಲ್ವಪತ್ರೆ ಗಿಡದ ಬುಡಕ್ಕೆ ಸುರಿದು ಬಂದಳು. ಆಮೇಲೆ ಊಟ ಬಡಿಸಿದರು. ಆ ದಿನ ಕರಿಬಸಯ್ಯನವರು ಹಾಕಿದ ಹೋಳಿಗೆಯನ್ನೆಲ್ಲ ತಿಂದರು. ತಲೆ ಎತ್ತಿದರೆ ಯಾರ ಕಣ್ಣು ಸಿಗುತ್ತದೋ ಎಂಬ ಹೆದರಿಕೆಗೆ ತಲೆ ತಗ್ಗಿಸಿಕೊಂಡು ತಿಂದೇ ತಿಂದರು.

ಸಿಂಧನೂರಿನ ಡಾಕ್ಟರಿಗೆ ಆ ಬೆರಳನ್ನು ಉಳಿಸಲಾಗಲಿಲ್ಲ. ತೆಗೆದು ಕಟ್ಟು ಹಾಕಿ, "ಈಗ ಬೆರಳು ಹೋಗೇತ್ರಿ. ಹಿಂಗ ಬಿಟ್ರ ಮುಂದ ಪಾದ" ಎಂದರು. ತೂಕ ಇಳಿಯದೆ ಸಕ್ಕರೆ ಹಿಡಿತಕ್ಕೆ ಬರುವುದಿಲ್ಲ, ಇಷ್ಟು ತೂಕ ಪಥ್ಯದಿಂದಷ್ಟೇ ಇಳಿಯುವುದು ಕಷ್ಟ, ಹೊಟ್ಟೆಗೆ ಮಾಡುವ ಆಪರೇಷನ್ ಒಂದಿದೆ, ಗಾಯ ಮಾಯ್ದ ಮೇಲೆ ಹುಬ್ಬಳ್ಳಿಗೆ ಹೋಗಿ ತೋರಿಸಿ ಎಂದೂ ಹೇಳಿದರು.

ಮನೆಗೆ ಬಂದ ಮೇಲೆ ಕರಿಬಸಯ್ಯ ಹೆಂಡತಿ ವಿಜಯಶ್ರೀಗೆ ಹೇಳಿದರು. "ಊರಿಗೆಲ್ಲ ಆಸಿ ಬಿಡ್ರಿ, ಸೋಮವಾರ ಉಪವಾಸ ಮಾಡ್ರಿ ಅಂತ ಹೇಳೋನು ನಾನು. ನನ್ನ ಬಾಯಿ ಕಟ್ಟಾಕ ಡಾಕ್ಟರ್ ಕತ್ರಿ ಹಿಡೀಬೇಕಾ? ಮಂದಿ ಮಾರಿಗೆ ಉಗುಳ್ತಾರ."

"ಮಂದಿ ಕಾಲು ತಂದು ಕೊಡ್ತಾರೇನ್ರಿ?" ಎಂದಳು ವಿಜಯಶ್ರೀ. ಅವಳೇ ಹುಬ್ಬಳ್ಳಿಗೆ ಫೋನ್ ಹಚ್ಚಿದಳು. ಖರ್ಚಿಗೆ ಕಾಲುವೆ ಬದಿಯ ಹೊಲವನ್ನು ಲೀಜಿಗೆ ಹಾಕಿಸಿದವಳೂ ಅವಳೇ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೊದಲು ಒಬ್ಬ ಹುಡುಗಿ ಎದುರು ಕೂತು, ದಿನಕ್ಕೆ ಏನೇನು ಊಟ ಮಾಡುತ್ತೀರಿ ಎಂದು ಕೇಳಿದಳು. ಆಹಾರ ಹೇಳಿಕೊಡುವ ಕೆಲಸ ಅವಳದು.

"ಎರಡು ರೊಟ್ಟಿ, ಒಂಚೂರು ಪಲ್ಯ, ಅನ್ನ ಸಾರು" ಎಂದರು ಕರಿಬಸಯ್ಯ.

"ಅದು ನಮ್ಮ ಮನ್ಯಾಗ" ಎಂದಳು ವಿಜಯಶ್ರೀ. "ಹೊರಗ ಉಣ್ಣೋದು ಹೇಳ್ರಿ."

"ನಿಮ್ಮ ಕೆಲಸ ಏನ್ರಿ?" ಎಂದು ಹುಡುಗಿ ಕೇಳಿದಳು.

"ಮಂದಿ ಮನ್ಯಾಗ ಉಣ್ಣೋದು" ಎಂದರು ಕರಿಬಸಯ್ಯ. ಹುಡುಗಿ ನಗೆಮಾತೆಂದುಕೊಂಡು ನಕ್ಕಳು. ಅವರು ನಗಲಿಲ್ಲ.

ಡಾಕ್ಟರು ಒಂದು ಹಾಳೆಯ ಮೇಲೆ ಹೊಟ್ಟೆಯ ಚಿತ್ರ ಬರೆದು ಹೇಳಿದರು. "ಮೂರು ದಾರಿ ಅದಾವ್ರಿ. ಒಂದು, ಬಾಯಿಂದ ನಳಿಗಿ ಇಳಿಸಿ ಹೊಟ್ಟಿಯೊಳಗ ಬಲೂನ್ ಕೂಡ್ರಸೋದು. ಕೊಯ್ಯೋದಿಲ್ಲ, ಆದರ ಅದನ್ನ ಆರು ತಿಂಗಳಿಗೆ ತಗೀಬೇಕು. ನಿಮ್ಮ ತೂಕಕ್ಕ ಅದು ಸಾಲಂಗಿಲ್ಲ. ಎರಡನೇದು ಸ್ಲೀವ್. ಹೊಟ್ಟಿ ಮುಕ್ಕಾಲು ಪಾಲು ಕತ್ತರಿಸಿ ತಗದು, ಅಂಗಿ ತೋಳಿನಂಗ ಸಣ್ಣ ಕೊಳವಿ ಉಳಿಸ್ತೀವಿ. ಮೂರನೇದು ಬೈಪಾಸ್."

"ಬೈಪಾಸು ಎದಿಗೆ ಮಾಡ್ತಾರಲ್ರಿ?"

"ಅದು ಬ್ಯಾರೆ, ಇದು ಬ್ಯಾರೆ. ಹೊಟ್ಟಿ ಮೇಲಿನ ತುದಿಗೆ ಸಣ್ಣ ನಿಂಬಿಹಣ್ಣಿನಷ್ಟು ಚೀಲ ಮಾಡಿ, ಕೆಳಗಿನ ಕರುಳು ಮ್ಯಾಲೆ ತಂದು ಅದಕ್ಕ ಜೋಡಸ್ತೀವಿ. ಉಳಿದ ಹೊಟ್ಟಿ ಒಳಗ ಇರ್ತದ, ಊಟ ಅಲ್ಲಿಗೆ ಹೋಗಂಗಿಲ್ಲ. ನಿಮ್ಮಂಥ ಹಳೇ ಸಕ್ಕರಿ ಕಾಯಿಲಿಗೆ ಇದು ಚಲೋ."

ಆಮೇಲೆ ಅವರು ಏನನ್ನೂ ಮುಚ್ಚಿಡಲಿಲ್ಲ. ಜೋಡಿಸಿದ ಕಡೆ ಸೋರಬಹುದು, ರಕ್ತ ಹೋಗಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅಪರೂಪ, ಆದರೆ ಆಗುವುದೇ ಇಲ್ಲ ಎಂದು ಹೇಳಲಾರೆ. ಮೊದಲ ತಿಂಗಳುಗಳಲ್ಲಿ ಕೂದಲು ಉದುರುತ್ತದೆ. ಚರ್ಮ ಜೋತು ಬೀಳುತ್ತದೆ. ವಿಟಮಿನ್ ಗುಳಿಗೆ ಸಾಯುವ ತನಕ ಬಿಡುವಂತಿಲ್ಲ. ಸಿಹಿ ತಿಂದರೆ ಎದೆ ಹೊಡೆದುಕೊಂಡು ಬೆವರಿಳಿದು ಬೀಳುವಂತಾಗುತ್ತದೆ. "ಇಷ್ಟೆಲ್ಲ ಆದ ಮ್ಯಾಲೂ ಸಣ್ಣ ಸಣ್ಣದು ಬಾಯಾಡಿಸಿಕೋತ ಇದ್ರ ತೂಕ ತಿರುಗಿ ಬರ್ತದ. ನಾವು ಹೊಟ್ಟಿ ಸಣ್ಣದು ಮಾಡ್ತೀವಿ ಸ್ವಾಮ್ಯಾರ. ನಾಲಿಗೀಗೆ ಆಪರೇಷನ್ ಇಲ್ಲ."

ಆ ಮಾತಿಗೆ ಕರಿಬಸಯ್ಯನವರ ಕಿವಿ ಬಿಸಿಯಾಯಿತು.

ಊರಿನಲ್ಲಿ ಹರ್ನಿಯಾ ಆಪರೇಷನ್ ಎಂದು ಹೇಳಿ ಹೊರಟರು. ಅದಕ್ಕೆ ಮೊದಲು ಎರಡು ವಾರ ಬರೀ ಮಜ್ಜಿಗೆ, ಬೇಳೆಕಟ್ಟು, ಆಸ್ಪತ್ರೆಯವರು ಕೊಟ್ಟ ಪುಡಿ ಕಲಸಿದ ನೀರು. ಲಿವರಿನ ಕೊಬ್ಬು ಕರಗಿದರೆ ಒಳಗೆ ಕೈಯಾಡಿಸಲು ಜಾಗ ಸಿಗುತ್ತದಂತೆ. ಆ ದಿನಗಳಲ್ಲಿ ಕರೆ ಬಂದ ಮನೆಗಳಿಗೆಲ್ಲ ಜ್ವರ ಎಂದರು.

ಆಪರೇಷನ್ ಆದ ಸಂಜೆಯೇ ನರ್ಸ್ ಅವರನ್ನು ಎಬ್ಬಿಸಿ ನಡೆಸಿದಳು. ಹೊಟ್ಟೆಯ ಮೇಲೆ ಐದು ಸಣ್ಣ ತೂತುಗಳಿಗೆ ಪಟ್ಟಿ ಹಚ್ಚಿದ್ದರು. ಆಪರೇಷನ್ನಿಗೆಂದು ಒಳಗೆ ತುಂಬಿದ್ದ ಗಾಳಿ ಭುಜಕ್ಕೆ ಏರಿ ನೋಯುತ್ತಿತ್ತು. ಪಡಸಾಲೆಯಲ್ಲಿ ಗೋಡೆ ಹಿಡಿದು ನಡೆಯುವಾಗ ಎದುರಿನಿಂದ ಒಬ್ಬ ಹೆಣ್ಣುಮಗಳು ಹಾಗೆಯೇ ನಡೆದು ಬರುತ್ತಿದ್ದಳು. ಮಕ್ತುಂಬೀ ಅಂತ, ಲಿಂಗಸುಗೂರಿನಲ್ಲಿ ಬಟ್ಟೆ ಹೊಲಿಯುವವಳು. ಹಣೆಯ ವಿಭೂತಿ ನೋಡಿ ಅವಳೇ ಮಾತಾಡಿಸಿದಳು.

"ಸ್ವಾಮ್ಯಾರ, ನಿಮ್ದು ಸ್ಲೀವೋ ಬೈಪಾಸೋ?"

"ಬೈಪಾಸು" ಎಂದವರು ದನಿ ತಗ್ಗಿಸಿ, "ಅಕ್ಕಾ, ಆ ಕಡೆ ಯಾರಿಗೂ ಹೇಳಬ್ಯಾಡ್ರಿ" ಎಂದರು.

"ಯಾಕ್ರಿ, ಕಳವು ಮಾಡೀರೇನು?"

"ನೀವು ಹೇಳಿ ಬಂದೀರಾ?"

"ಓಣಿಗೆಲ್ಲ ಹೇಳೀನಿ. ನಗೋರು ನಕ್ಕರು. ಮೊಣಕಾಲು ನೋಯೋದು ನಂದು, ಅವರ್ದಲ್ಲಲ್ರಿ. ಶರಮ್ ಪಡ್ತಾ ಕುಂತ್ರ ಇಲಾಜ್ ಆಗ್ತದಾ?"

"ನಿಮ್ಮ ಮಾತು ಬ್ಯಾರೆ ಅಕ್ಕಾ. ನನ್ನದು ಬ್ಯಾರೆ."

ಮಕ್ತುಂಬೀ ಅವರನ್ನು ಒಮ್ಮೆ ನೋಡಿ, "ಆಯ್ತು, ಹೇಳೂದಿಲ್ಲ" ಎಂದು ಹೇಳಿ ಗೋಡೆ ಹಿಡಿದು ಮುಂದೆ ಹೋದಳು. ಆಸ್ಪತ್ರೆ ಬಿಡುವ ದಿನ ವಿಜಯಶ್ರೀ ಅವಳ ಫೋನ್ ನಂಬರ್ ಬರೆದುಕೊಂಡಳು.

ಮನೆಗೆ ಬಂದ ಮೇಲಿನ ದಿನಗಳು ಕೆಟ್ಟದಾಗಿದ್ದವು. ಮೊದಲು ಗುಟುಕು ಗುಟುಕು ನೀರು, ಸೋಸಿದ ಸಾರು. ಆಮೇಲೆ ತೆಳ್ಳಗಿನ ಗಂಜಿ, ನುಣ್ಣಗೆ ಅರೆದ ಬೇಳೆ. ಗಟ್ಟಿ ಊಟಕ್ಕೆ ಬರಲು ತಿಂಗಳು ಮೀರಿ ಹಿಡಿಯಿತು. ಅರ್ಧ ಬಟ್ಟಲು ಹೆಸರುಬೇಳೆ ಮುಗಿಸಲು ಅರ್ಧ ಗಂಟೆ. ಊಟದ ಜೊತೆ ನೀರು ಕುಡಿಯುವಂತಿಲ್ಲ. ಒಂದು ತುತ್ತು ಅವಸರದಲ್ಲಿ ನುಂಗಿದರೆ ಎದೆಯ ನಡುವೆ ಕಲ್ಲು ಸಿಕ್ಕಿದಂತಾಗಿ ವಾಂತಿ. ಹೊಟ್ಟೆಗೆ ಹಸಿವಿರಲಿಲ್ಲ, ತಲೆಗೆ ಇತ್ತು. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದ ವಾಸನೆ ಬಂದರೆ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಒಂದು ಬೆಳಿಗ್ಗೆ ವಿಜಯಶ್ರೀ ಅಡುಗೆಮನೆಯ ಬಾಗಿಲು ಹಾಕಿಕೊಂಡು ರೊಟ್ಟಿ ತಿನ್ನುತ್ತಿದ್ದುದನ್ನು ಕಂಡರು. ಗಂಡನ ಕಣ್ಣಿಗೆ ಬೀಳಬಾರದೆಂದು ಅವಳು ಹಾಗೆ ಮಾಡುತ್ತಿದ್ದಳು. ಅವರು ಹೊರಗೆ ಬಂದು ಕಟ್ಟೆಯ ಮೇಲೆ ಕೂತರು.

ಸಕ್ಕರೆ ಮಾತ್ರ ಇಳಿಯಿತು. ಬೆರಳು ತೆಗೆದಾಗ ಶುರುವಾಗಿದ್ದ ಇನ್ಸುಲಿನ್ ನಿಂತಿತು, ಗುಳಿಗೆಗಳು ಕಡಿಮೆಯಾದವು. ರಾತ್ರಿ ಉಸಿರು ಕಟ್ಟುವುದು ಹೋಯಿತು. ಮುಂದಿನ ಶ್ರಾವಣ ಬರುವಷ್ಟರಲ್ಲಿ ನಲವತ್ತು ಕಿಲೋ ಇಳಿದಿದ್ದರು. ಅಂಗಿಯೊಳಗೆ ಹೊಟ್ಟೆಯ ಚರ್ಮ ಖಾಲಿ ಚೀಲದಂತೆ ಜೋತಾಡುತ್ತಿತ್ತು. ಪೂಜೆಗೆ ಕೂರುವಾಗ ಈಗ ಮೈತುಂಬ ಶಾಲು ಹೊದೆಯುತ್ತಿದ್ದರು.

ಅವರು ಎಣಿಸಿರದ ಒಂದು ಸಂಗತಿ ನಡೆಯಿತು. ಸ್ವಾಮ್ಯಾರು ವ್ರತ ಹಿಡಿದಿದ್ದಾರೆ ಎಂದು ಜನ ಮಾತಾಡತೊಡಗಿದರು. ಬೆರಳು ಹೋದ ಮೇಲೆ ವೈರಾಗ್ಯ ಬಂದು ಒಪ್ಪತ್ತು ಉಣ್ಣುತ್ತಾರಂತೆ, ಸಿಹಿ ಬಿಟ್ಟಿದ್ದಾರಂತೆ. ಯಾರು ಮೊದಲು ಹೇಳಿದರೋ ಗೊತ್ತಿಲ್ಲ. ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರೊಬ್ಬರು ಕಾಲಿಗೆ ಬಿದ್ದು, "ನಾಲಿಗಿ ಗೆದ್ದೀರಿ ಬಿಡ್ರಿ" ಎಂದರು. ಕರಿಬಸಯ್ಯ ಇಲ್ಲವೆನ್ನಲೂ ಇಲ್ಲ, ಹೌದೆನ್ನಲೂ ಇಲ್ಲ. ಕೈ ಎತ್ತಿ ಆಶೀರ್ವಾದ ಮಾಡಿದರು. ಅವತ್ತು ಮನೆಗೆ ಬಂದು ವಿಜಯಶ್ರೀಗೆ ಇದನ್ನು ಹೇಳಲಿಲ್ಲ.

ಶ್ರಾವಣದಲ್ಲಿ ಮುಕ್ಕುಂದದ ಕರೆ ಬಂತು. ಬಸ್ಸಪ್ಪನ ಮನೆ ತುಂಬ ನೆಂಟರು. ಪೂಜೆಯಾದ ಮೇಲೆ ಬಸ್ಸಪ್ಪ ಎಲ್ಲರ ಎದುರಿಗೆ ಮಗಳನ್ನು ಕರೆದ. ಹಿಂದಿನ ತಿಂಗಳು ಅವಳನ್ನು ನೋಡಲು ಬಂದಿದ್ದ ಗಂಡಿನ ಕಡೆಯವರು ಹುಡುಗಿ ದಪ್ಪ ಎಂದು ಹೇಳಿ ಹೋಗಿದ್ದರು.

"ನೋಡಬೇ ಇವರನ್ನ. ಐವತ್ತರ ಹತ್ರ ಬಂದು ಬಾಯಿ ಕಟ್ಯಾರ. ಇಪ್ಪತ್ತು ವರ್ಷದಾಕಿ, ನಿನಗೇನು ಧಾಡಿ ಆಗೈತಿ?"

ಭಾಗ್ಯಶ್ರೀ ಗೋಡೆಗೆ ಒರಗಿ ನಿಂತು ಓಢಣಿಯ ತುದಿ ತಿರುವುತ್ತಿದ್ದಳು. ನೆಂಟರಲ್ಲಿ ಯಾರೋ ನಕ್ಕರು. ಕರಿಬಸಯ್ಯ ಶಾಲನ್ನು ಹೊಟ್ಟೆಯ ಮೇಲೆ ಎಳೆದುಕೊಂಡರು.

ಊಟಕ್ಕೆ ಕೂತಾಗ ಪಂಪಮ್ಮ ಒಂದು ಹೋಳಿಗೆ ತಂದಳು. "ಒಂದಿನ ವ್ರತ ಸಡಿಲ ಮಾಡ್ರಿ ಸ್ವಾಮ್ಯಾರ. ನಿಮ್ಮ ಬಾಯಿಗೆ ಅಂತ ಮಾಡೀನಿ. ನೀವು ಮುಟ್ಟಲಿಲ್ಲಂದ್ರ ನನ್ನ ಜೀವಕ್ಕ ಸಮಾಧಾನ ಇಲ್ಲ" ಎಂದು ಹಾಲು ತುಪ್ಪ ಹಾಕಿದಳು. ಎಲ್ಲರೂ ನೋಡುತ್ತಿದ್ದರು. ಆಗುವುದಿಲ್ಲ ಎಂದರೆ ಯಾಕೆ ಎಂದು ಹೇಳಬೇಕಾಗುತ್ತದೆ. ಅವರು ಮುರಿದು ಬಾಯಿಗಿಟ್ಟರು. ಅಷ್ಟು ತಿಂಗಳ ಮೇಲೆ ನಾಲಿಗೆಗೆ ತಾಕಿದ ಬೆಲ್ಲ. ಅರ್ಧಕ್ಕೂ ಹೆಚ್ಚು ತಿಂದರು.

ಸ್ವಲ್ಪ ಹೊತ್ತಿಗೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಕಿವಿಯ ಹಿಂದೆ ಬೆವರು, ಕಣ್ಣು ಕತ್ತಲೆ, ಹೊಟ್ಟೆಯಲ್ಲಿ ನುಲಿತ. ಉಳಿದ ಹೋಳಿಗೆಯನ್ನು ತಾಟಿನಲ್ಲೇ ಬಿಟ್ಟು ಎದ್ದು ಹಿತ್ತಲಿಗೆ ಓಡಿದರು. ವಾಂತಿಯಾಯಿತು. ಪಾಯಖಾನೆಗೂ ಹೋಗಬೇಕಾಯಿತು. ಹೊರಗೆ ಬಂದಾಗ ಭಾಗ್ಯಶ್ರೀ ತಂಬಿಗೆ ಹಿಡಿದು ನಿಂತಿದ್ದಳು.

"ಪಿತ್ತ ಆಗೈತವ್ವ" ಎಂದರು ಅವರು, ನೀರು ತೆಗೆದುಕೊಳ್ಳುತ್ತ.

ಹುಡುಗಿ ಸುತ್ತ ನೋಡಿ ಮೆಲ್ಲಗೆ ಕೇಳಿದಳು. "ಸ್ವಾಮ್ಯಾರ, ವ್ರತ ಹೆಂಗ ಮಾಡೀರಿ? ನನಗೂ ಹೇಳ್ರಿ. ನಾ ಯಾರಿಗೂ ಹೇಳಂಗಿಲ್ಲ."

ಅಲ್ಲಿ ಅವರಿಬ್ಬರೇ ಇದ್ದರು. ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಸಿಗುತ್ತಿರಲಿಲ್ಲ. ಕರಿಬಸಯ್ಯ ಮುಖ ತೊಳೆದುಕೊಂಡು ಹೇಳಿದರು. "ಮನಸು ಗಟ್ಟಿ ಮಾಡ್ಕೋಬೇಕವ್ವ. ಒಪ್ಪತ್ತು ಉಣಬೇಕು. ಅದೂ ನಾಕೈದು ತುತ್ತು. ಹಸಿವಾದ್ರ ಶಿವನ ನೆನೀಬೇಕು."

"ಅಷ್ಟ ಏನ್ರಿ?"

"ಅಷ್ಟ."

ಅವಳು ಬಗ್ಗಿ ಅವರ ಕಾಲು ಮುಟ್ಟಿ ಒಳಗೆ ಹೋದಳು.

ದಸರೆ ಕಳೆದು ಕೆಲವು ದಿನಗಳಾಗಿದ್ದವು. ಬಸ್ಸಪ್ಪನ ಫೋನ್ ಬಂತು. ದನಿ ಒಡೆದಿತ್ತು. "ಸ್ವಾಮ್ಯಾರ, ಭಾಗ್ಯಾ ಕಾಲೇಜ್ ಮೆಟ್ಟಲ ಮ್ಯಾಲೆ ಚಕ್ಕರ್ ಬಂದು ಬಿದ್ದಾಳ್ರಿ. ತಲಿ ಒಡದೈತಿ. ಸಿಂಧನೂರು ದವಾಖಾನ್ಯಾಗ ಅದೀವಿ. ನೀವು ಹೇಳಿದ ವ್ರತ ಹಿಡದಿದ್ಲಂತ, ಡಾಕ್ಟರ್ ಕೇಳಿದ ಮ್ಯಾಲೆ ಬಾಯಿ ಬಿಟ್ಟಾಳ. ವ್ರತದಾಗ ಏನಾರ ತಪ್ಪು ಆಗೈತೇನೋ. ನೀವು ಬಂದು ವಿಭೂತಿ ಹಚ್ಚಿ ಹೋಗ್ರಿ."

ಕರಿಬಸಯ್ಯ ಫೋನ್ ಕೆಳಗಿಟ್ಟರು. ವಿಜಯಶ್ರೀ ಏನಾಯಿತೆಂದು ಕೇಳಿದಳು. ಆಗ ಮೊದಲ ಸಲ ಅವರು ಎಲ್ಲವನ್ನೂ ಹೇಳಿದರು, ಹಿತ್ತಲಿನಲ್ಲಿ ಹುಡುಗಿಗೆ ಹೇಳಿದ ಮಾತನ್ನೂ.

"ಹಿಂಗ ಹೇಳಿದ್ರೇನು? ಆ ಹುಡುಗಿಗೆ?" ಅವಳು ಹಿಂದೆ ಎಂದೂ ಅವರನ್ನು ಹಾಗೆ ನೋಡಿರಲಿಲ್ಲ. ಆಮೇಲೆ, "ಏಳ್ರಿ. ಬಸ್ ಹೋಗ್ತೈತಿ" ಎಂದಳು.

ಆಸ್ಪತ್ರೆಯಲ್ಲಿ ಭಾಗ್ಯಶ್ರೀ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹಣೆಗೆ ಹೊಲಿಗೆ, ಕೈಗೆ ಸಲೈನ್. ವಾರಗಟ್ಟಲೆ ದಿನಕ್ಕೆ ನಾಲ್ಕು ತುತ್ತು ಉಂಡು ಉಳಿದದ್ದನ್ನು ನಾಯಿಗೆ ಹಾಕುತ್ತಿದ್ದಳಂತೆ. ಇನ್ನೂ ಕೆಲವು ದಿನ ಹೀಗೇ ನಡೆದಿದ್ದರೆ ಹೃದಯಕ್ಕೆ ಅಪಾಯವಾಗುತ್ತಿತ್ತು ಎಂದು ಡಾಕ್ಟರು ಹೇಳಿ ಹೋಗಿದ್ದರು. ಪಂಪಮ್ಮ ಮೊಮ್ಮಗಳ ಪಾದ ಹಿಡಿದು ಕೂತಿದ್ದಳು, ಬಸ್ಸಪ್ಪ ಪಕ್ಕದ ಬೆಂಚಿನ ಮೇಲಿದ್ದ. ಸ್ವಾಮ್ಯಾರನ್ನು ಕಂಡು ಮೂವರೂ ಎದ್ದೇಳಲು ನೋಡಿದರು. ಹುಡುಗಿ ಕೂಡ.

"ಮಲಕೋ ಅವ್ವ" ಎಂದರು ಕರಿಬಸಯ್ಯ. ವಿಭೂತಿಯ ಚೀಲ ತೆಗೆಯಲಿಲ್ಲ. "ಬಸ್ಸಪ್ಪಾ, ನಾ ಯಾವ ವ್ರತಾನೂ ಹಿಡದಿಲ್ಲ."

ಯಾರಿಗೂ ಅರ್ಥವಾಗಲಿಲ್ಲ. ಅವರು ಶಾಲು ಸರಿಸಿ, ಅಂಗಿಯ ಗುಂಡಿ ಬಿಚ್ಚಿದರು. ಜೋತುಬಿದ್ದ ಚರ್ಮದ ಮೇಲೆ ಸಣ್ಣ ಸಣ್ಣ ಕಲೆಗಳಿದ್ದವು. ಹುಬ್ಬಳ್ಳಿಯಲ್ಲಿ ಹೊಟ್ಟೆ ಕೊಯ್ಸಿಕೊಂಡದ್ದು, ಹರ್ನಿಯಾ ಎಂದದ್ದು, ಈಗ ಮುಷ್ಟಿಯಷ್ಟು ಉಂಡರೆ ತುಂಬುವುದು, ಹೋಳಿಗೆ ತಿಂದ ದಿನ ಆದದ್ದು ಪಿತ್ತವಲ್ಲ ಎಂಬುದು, ಒಂದೊಂದಾಗಿ ಹೇಳಿದರು. "ಬಾಯಿ ಕಟ್ಟಾಕ ನನ್ನ ಕೈಲಿ ಆಗಲಿಲ್ಲ. ಅದಕ್ಕ ಕೊಯ್ಸಿಕೊಂಡೆ. ಈ ಹುಡುಗಿಗೆ ಸುಳ್ಳು ಹೇಳಿದೆ."

"ಒಂದು ಮಾತು ಹೇಳಿದ್ರ ಏನಾಗ್ತಿತ್ರಿ?" ಎಂದ ಬಸ್ಸಪ್ಪ.

"ಮರ್ಯಾದಿ ಹೋಗ್ತಿತ್ತಪ್ಪ."

"ನಿಮ್ಮ ಮರ್ಯಾದಿಗೆ ನನ್ನ ಮಗಳು ಬಿದ್ದಾಳ."

ಬಸ್ಸಪ್ಪ ಎದ್ದು ಹೊರಗೆ ಹೋದ. ಆಗ ಪಂಪಮ್ಮ ಮಾತಾಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬೇರೆ ಏನೋ ಇತ್ತು. "ಹಂಗಾದ್ರ ಇಷ್ಟು ವರ್ಷ ನಾ ನಿಮಗ ಬಡಿಸಿದ್ದು ವಿಷ ಆತೇನ್ರಿ? ತಾಟು ಖಾಲಿ ಆದಂಗೆಲ್ಲ ನಾ ಮ್ಯಾಲೆ ಹಾಕ್ತಿದ್ದೆ."

"ನೀ ಭಕ್ತೀಲೆ ಬಡಿಸಿದಿ ಅವ್ವ. ನಾ ಆಸೀಲೆ ಉಂಡೆ."

ಪಂಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಹೊರಡುವಾಗ ಭಾಗ್ಯಶ್ರೀ ಗೋಡೆಯ ಕಡೆಯಿಂದ ತಿರುಗಿದಳು. "ಆ ಆಪರೇಷನ್ ನನಗೂ ಮಾಡ್ತಾರೇನ್ರಿ?"

"ನನ್ನ ಕೇಳಬ್ಯಾಡವ್ವ. ಒಮ್ಮೆ ಕೇಳಿ ಹಿಂಗಾತು. ಡಾಕ್ಟರನ್ನ ಕೇಳು. ಅದು ಎಲ್ಲಾರಿಗೂ ಅಲ್ಲ. ಮಾಡಿಸಿಕೊಂಡ್ರ ಜಲ್ಮಪೂರ್ತಿ ಗುಳಿಗಿ, ಜಲ್ಮಪೂರ್ತಿ ಅಳತಿ ಊಟ. ಕೂದಲು ಉದುರ್ತಾವ. ಮನಸಾಗಿನ ಹಸಿವು ಹೋಗಂಗಿಲ್ಲ." ಆಮೇಲೆ, "ಲಿಂಗಸುಗೂರಾಗ ಮಕ್ತುಂಬೀ ಅಂತ ಒಬ್ಬಾಕಿ ಅದಾಳ. ಆಕಿ ಖರೇ ಹೇಳ್ತಾಳ. ಆಕಿ ನಂಬರ್ ಕೊಡ್ತೀನಿ" ಎಂದರು.

ಹುಡುಗಿಗೆ ಆಪರೇಷನ್ ಬೇಕಾಗಲಿಲ್ಲ. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ತೊಂದರೆ ಗೊತ್ತಾಗಿ ಗುಳಿಗೆ ಶುರುವಾಯಿತು. ಮೂರು ಹೊತ್ತೂ ಉಣ್ಣಬೇಕು ಎಂದು ಡಾಕ್ಟರು ಬಸ್ಸಪ್ಪನಿಗೇ ತಾಕೀತು ಮಾಡಿದರು. ಅವಳು ಮಕ್ತುಂಬೀಗೆ ಫೋನ್ ಮಾಡಿ ತಾಸುಗಟ್ಟಲೆ ಮಾತಾಡುತ್ತಾಳೆ ಎಂಬ ಸುದ್ದಿ ಆಮೇಲೆ ಕರಿಬಸಯ್ಯನವರ ಕಿವಿಗೆ ಬಿತ್ತು.

ಉಳಿದ ಸುದ್ದಿಯೂ ಹಬ್ಬಿತು. ಮಸ್ಕಿಯ ಚಹಾ ಅಂಗಡಿಯಲ್ಲಿ ಅವರು ಕಂಡರೆ ಮಾತು ನಿಲ್ಲುತ್ತಿತ್ತು. ಅವರು ದಾಟಿ ಹೋದ ಮೇಲೆ ನಗೆ ಕೇಳುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕಾಲಿಗೆ ಬಿದ್ದವರು ಮತ್ತೆ ಸಿಕ್ಕಾಗ ಬೇರೆ ಕಡೆ ನೋಡಿದರು. ಕಾರ್ತಿಕದಲ್ಲಿ ಬಸ್ಸಪ್ಪನ ಮನೆಗೆ ಬೇರೆ ಸ್ವಾಮಿಗಳು ಹೋದರು. ಕರಿಬಸಯ್ಯ ಯಾರನ್ನೂ ದೂರಲಿಲ್ಲ. ಕರೆದ ಮನೆಗೆ ಹೋದರು. ಹೋದ ಕೂಡಲೇ ಬಾಗಿಲಲ್ಲಿ ನಿಂತೇ, "ನನಗ ಹೊಟ್ಟಿ ಆಪರೇಷನ್ ಆಗೈತ್ರಿ. ಒಂದು ಹಿಡಿಯಷ್ಟ ಬಡಿಸ್ರಿ, ಸಿಹಿ ಬ್ಯಾಡ" ಎಂದು ಹೇಳುವುದನ್ನು ಕಲಿತರು. ಪ್ರತಿ ಸಲ ಹೇಳುವಾಗಲೂ ಮುಖ ಕೆಂಪಾಗುತ್ತಿತ್ತು.

ಬೇಸಿಗೆಯಲ್ಲಿ ಜವಳಗೇರಾದ ಒಂದು ಮದುವೆ. ಊಟದ ಪಂಕ್ತಿಯ ತುದಿಯಲ್ಲಿ ಅವರಿಗೆ ಮಣೆ ಹಾಕಿದ್ದರು. ಈಗ ನೆಲಕ್ಕೆ ಕೂತು ತಾವೇ ಏಳುತ್ತಿದ್ದರು. ಸಣ್ಣ ಬಟ್ಟಲಲ್ಲಿ ಅನ್ನ, ಬೇಳೆ, ಸ್ವಲ್ಪ ಮೊಸರು. ಒಂದೊಂದು ತುತ್ತನ್ನೂ ನುಣ್ಣಗಾಗುವ ತನಕ ಅಗಿಯುತ್ತ ಅವರು ಅರ್ಧಕ್ಕೆ ಬರುವಷ್ಟರಲ್ಲಿ ಉಳಿದವರ ಊಟವೆಲ್ಲ ಮುಗಿದಿತ್ತು. ಆ ಊರಿನಲ್ಲಿ ಜಂಗಮರು ಏಳುವ ತನಕ ಪಂಕ್ತಿಯಲ್ಲಿ ಯಾರೂ ಏಳುವುದಿಲ್ಲ. ಎಂಜಲ ಕೈ ಒಣಗಿಸಿಕೊಂಡು ಸಾಲುಸಾಲಾಗಿ ಜನ ಕೂತಿದ್ದರು. ಆಚೆ ಮುಂದಿನ ಪಂಕ್ತಿಯವರು ಕಾಯುತ್ತ ನಿಂತಿದ್ದರು. ಯಾರೋ ಯಾರದೋ ಕಿವಿಯಲ್ಲಿ ಏನೋ ಹೇಳಿದರು.

"ನೀವೆಲ್ಲ ಏಳ್ರಪಾ" ಎಂದರು ಕರಿಬಸಯ್ಯ. "ನಂದು ತಡ ಆಕ್ಕೈತಿ."

ಯಾರೂ ಏಳಲಿಲ್ಲ. ಎದುರಿಗಿದ್ದ ಮುದುಕನೊಬ್ಬ, "ಸಾವಕಾಶ ಉಣ್ರಿ, ಏನು ಅವಸರ ಐತಿ" ಎಂದ.

ಅವಸರ ಮಾಡಿದರೆ ತುತ್ತು ಎದೆಯಲ್ಲಿ ನಿಲ್ಲುತ್ತದೆ. ಅಷ್ಟೂ ಜನರ ಕಣ್ಣು ತಮ್ಮ ಬಟ್ಟಲಿನ ಮೇಲಿದೆ ಎಂದು ಕರಿಬಸಯ್ಯನವರಿಗೆ ಗೊತ್ತಿತ್ತು. ಅವರು ತಲೆ ತಗ್ಗಿಸಿ ಇನ್ನೊಂದು ತುತ್ತು ಕಲಸಿ ಬಾಯಿಗಿಟ್ಟುಕೊಂಡು ಮೆಲ್ಲಗೆ ಅಗಿಯತೊಡಗಿದರು.